ಐಸ್ ಗಡ್ಡೆ ಮ್ಯಾಲೆ ಅದಿರಿನ ಹುಡಿ: ಮುಂಜಾನೆ ಗುಂಡಿ ಬೀಳ್ತೈತಿ, ಮಧ್ಯಾಹ್ನ ಬೀಳಂಗಿಲ್ಲ. ಯಾಕ?

ಐಸ್_ಡಿಪೋ (ಬಳ್ಳಾರಿ)

ಎಲ್ಲಾರಿಗೂ ನಮಸ್ಕಾರ. ಬಳ್ಳಾರಿಯೊಳಗ ನಂದೊಂದು ಸಣ್ಣ ಐಸ್ ಡಿಪೋ ಐತಿ. ಮುಂಜಾನೆ ಆರಕ್ಕ ಗಡ್ಡೆ ಇಳಿಸ್ತೀವಿ, ಭತ್ತದ ಹೊಟ್ಟು ಹಾಕಿ ಗೋಣಿಚೀಲ ಮುಚ್ತೀವಿ. ಚಿಲ್ಲರೆ ಗಿರಾಕಿಗೆ ಒಡೆದು ಕೊಡಾಕ ಒಂದು ಗಡ್ಡೆ ಮಾತ್ರ ಅಂಗಡಿ ಮುಂದ ಬಯಲಿಗೆ ಇಟ್ಟಿರ್ತೀವಿ. ನಮ್ಮ ರೋಡಿನಾಗ ಅದಿರಿನ ಲಾರಿ ಓಡ್ಯಾಡ್ತಾವ. ತಾಡಪತ್ರಿ ಕಟ್ಟಿದ್ರೂ ಕೆಂಪು ಹುಡಿ ಉದುರೋದು ತಪ್ಪಂಗಿಲ್ಲ.

ಇಷ್ಟು ವರ್ಷ ನೋಡೀನಿ, ಲಕ್ಷ್ಯ ಕೊಟ್ಟಿದ್ದಿಲ್ಲ. ಎಂಟು ಗಂಟೆ ಹೊತ್ತಿಗೆ ಬಿಸಿಲು ಬಿದ್ದಾಗ ನೋಡಿದ್ರ, ಒಂದೊಂದು ಅದಿರಿನ ಕಾಳೂ ಗಡ್ಡೆಯೊಳಗ ಸಾಸಿವೆ ಹುಗಿದಂಗ ಇಳಿದಿರ್ತೈತಿ. ಸುತ್ತ ಸಣ್ಣ ಗುಂಡಿ, ಗುಂಡಿಯೊಳಗ ಹನಿ ನೀರು. ಅದೇ ಮಧ್ಯಾಹ್ನ ಝಳ ಬೀಸಾಕ ಶುರು ಆತಂದ್ರ ಗುಂಡಿಗಿಂಡಿ ಏನಿಲ್ಲ, ಗಡ್ಡೆ ನಾಲಿಗೆಲೆ ನೆಕ್ಕಿದಂಗ ಸಪಾಟ. ಹುಡಿ ಅದೇ, ಐಸೂ ಅದೇ.

ಇದನ್ನ ಇಲ್ಲಿ ಬರೆಯಾಕ ಕಾರಣ ನನ್ನ ಮಗಳು. ಒಂಬತ್ತನೇ ಕ್ಲಾಸು, ವಿಜ್ಞಾನ ಪ್ರದರ್ಶನ ಐತಿ. ಅಂಟಾರ್ಕ್ಟಿಕಾದಾಗ ಹೆಪ್ಪುಗಟ್ಟಿದ ಕೆರೆ ಇರ್ತಾವಂತ, ಗಾಳಿಗೆ ಬಂದ ಮಣ್ಣು ಆ ಐಸಿನ ಮ್ಯಾಲೆ ಬಿದ್ದು ಎರಡು ಮೀಟರ್ ತನಕ ಇಳಿದು ಅಲ್ಲೇ ನಿಲ್ತೈತಂತ. "ಅಪ್ಪಾ, ಇಳಿಯೋದು ಇಳೀತು, ತಳದ ತನಕ ಯಾಕ ಹೋಗಲ್ಲ?" ಅಂತ ಕೇಳಿದ್ಳು. ಮೂವತ್ತು ವರ್ಷ ಐಸ್ ಮಾರೀನಿ, ಬಾಯಿ ಕಟ್ಟಿತು.

ತೋರಣಗಲ್ಲು_ಟಿಪ್ಪರ್

ಯಣ್ಣಾ, ನಮ್ಮ ಲಾರಿ ಮ್ಯಾಲೇ ಯಾಕ ನಿನ್ನ ಕಣ್ಣು. ಅಂಟಾರ್ಕ್ಟಿಕಾಕ್ಕ ಟ್ರಿಪ್ ಐತಿ ಅಂದ್ರ ಹೇಳು, ಡೀಸಲ್ ಅವರದು, ಭತ್ಯೆ ನಂದು.

ರಾಯಚೂರು_ಭೌತ

ಡಿಪೋ ಅವರೇ, ನೀವು ಕಂಡದ್ದನ್ನು ನಾನು ಪಿಯುಸಿ ಮಕ್ಕಳಿಗೆ ಬೋರ್ಡಿನ ಮೇಲೆ ಹೇಳಿ ಹೇಳಿ ಸೋತಿದ್ದೇನೆ. ಎರಡು ಬೇರೆ ಬೇರೆ ಬಿಸಿಗಳನ್ನು ನೀವು ಒಂದೇ ಗಡ್ಡೆಯ ಮೇಲೆ ನೋಡಿದ್ದೀರಿ.

ಮುಂಜಾನೆ ಗಾಳಿ ಇನ್ನೂ ತಣ್ಣಗಿರುತ್ತದೆ, ಬಿಸಿ ಬರುವುದು ಬಿಸಿಲಿನಿಂದ. ತಿಳಿ ಐಸಿಗೆ ಬಿದ್ದ ಬೆಳಕಿನಲ್ಲಿ ಒಂದಷ್ಟು ಹಿಂದಕ್ಕೆ ಹೋಗುತ್ತದೆ, ಒಂದಷ್ಟು ಒಳಗೆ ನುಗ್ಗಿ ಹಾದು ಹೋಗುತ್ತದೆ. ಕಪ್ಪಗಿರುವ ಕಾಳು ಮಾತ್ರ ಬೆಳಕನ್ನು ಹಿಡಿದಿಟ್ಟುಕೊಂಡು ಬಿಸಿಯಾಗುತ್ತದೆ, ತನ್ನ ಕೆಳಗಿನ ಐಸನ್ನಷ್ಟೇ ಕರಗಿಸುತ್ತದೆ. ಹೀಗಾಗಿ ಗುಂಡಿ.

ಮಧ್ಯಾಹ್ನದ ನಮ್ಮ ಝಳಕ್ಕೆ ಕಪ್ಪು ಬಿಳುಪಿನ ಭೇದವಿಲ್ಲ. 42 ಡಿಗ್ರಿಯ ಗಾಳಿ ಗಡ್ಡೆಯ ಮೈಯನ್ನೆಲ್ಲ ಸವರುತ್ತದೆ. ಎತ್ತರದ ಅಂಚಿಗೆ ಗಾಳಿ ಹೆಚ್ಚು ತಾಗುತ್ತದೆ, ಗುಂಡಿಯ ತಳಕ್ಕೆ ಕಡಿಮೆ. ಅಂಚು ಬೇಗ ಕರಗಿ ಗುಂಡಿ ಮುಚ್ಚಿಹೋಗುತ್ತದೆ. ಹಿಮನದಿಗಳ ಮೇಲೂ ಹೀಗೇ: ಬಿಸಿಲಿನ ದಿನ ಧೂಳಿನ ಗುಂಡಿಗಳು ಆಳವಾಗುತ್ತವೆ, ಮೋಡ ಮುಚ್ಚಿ ಬೆಚ್ಚನೆ ಗಾಳಿ ಬೀಸಿದ ದಿನ ಚಪ್ಪಟೆಯಾಗುತ್ತವೆ. 1870ರಲ್ಲಿ ಗ್ರೀನ್‌ಲ್ಯಾಂಡಿಗೆ ಹೋಗಿದ್ದ ಅನ್ವೇಷಕ ನಾರ್ಡನ್‌ಶೋಲ್ಡ್ ಈ ಗುಂಡಿಯ ಧೂಳಿಗೆ ಕ್ರಯೋಕೊನೈಟ್ ಎಂದು ಹೆಸರಿಟ್ಟ. ಗ್ರೀಕಿನಲ್ಲಿ 'ತಣ್ಣನೆ ಧೂಳು' ಅಂತ ಅರ್ಥ. ನಮ್ಮ ಊರಿಗೆ ಬಂದಿದ್ದರೆ ಬೇರೆ ಹೆಸರು ಇಡುತ್ತಿದ್ದ, ಬಿಡಿ.

ನಿಮ್ಮ ಮಗಳು ಓದಿರುವುದು ಬಹುಶಃ ಮ್ಯಾಕ್‌ಮರ್ಡೋ ಒಣಕಣಿವೆಗಳ ವಿಷಯ. ಅಲ್ಲಿ ಬಾನಿ, ಹೋರ್, ಫ್ರಿಕ್ಸೆಲ್, ವಾಂಡಾ ಎಂಬ ಸರೋವರಗಳಿವೆ. ವರ್ಷಪೂರ್ತಿ ಮೂರರಿಂದ ಆರು ಮೀಟರ್ ದಪ್ಪದ ಐಸ್ ಅವುಗಳ ಮೇಲೆ ಮುಚ್ಚಿರುತ್ತದೆ. ಕಣಿವೆಯಲ್ಲಿ ಹಿಮ ಬೀಳುವುದೇ ಅಪರೂಪ, ಹಾಗಾಗಿ ನೆಲ ಬರಿದು: ಕಲ್ಲು, ಮರಳು, ಗರಸು. ಧ್ರುವದ ಪ್ರಸ್ಥಭೂಮಿಯಿಂದ ಇಳಿಜಾರಿಗೆ ನುಗ್ಗಿ ಬರುವ ಗಾಳಿ ಆ ಮರಳನ್ನೆಬ್ಬಿಸಿ ಸರೋವರದ ಮೇಲೆ ಚೆಲ್ಲುತ್ತದೆ. ಅಲ್ಲಿ ನಿಮ್ಮ 'ಮಧ್ಯಾಹ್ನ' ಅನ್ನುವುದೇ ಇಲ್ಲ. ಬೇಸಿಗೆಯಲ್ಲೂ ಗಾಳಿಯ ಉಷ್ಣತೆ ಹೆಚ್ಚು ಹೊತ್ತು ಸೊನ್ನೆಯ ಆಸುಪಾಸು ಅಥವಾ ಅದಕ್ಕೂ ಕೆಳಗೆ, ಆದರೆ ಸೂರ್ಯ ಇಪ್ಪತ್ತನಾಲ್ಕು ಗಂಟೆಯೂ ಮುಳುಗುವುದಿಲ್ಲ. ನಿಮ್ಮ ಎಂಟು ಗಂಟೆಯ ಮುಂಜಾನೆಯೇ ತಿಂಗಳುಗಟ್ಟಲೆ ನಡೆಯುತ್ತದೆ ಅಂದುಕೊಳ್ಳಿ.

ಅಡ್ಡಮಾತು

ಸರ್, ಒಂದು ತಕರಾರು. ಧೂಳು ಬಿತ್ತು, ಬಿಸಿ ಹಿಡೀತು, ಐಸ್ ಕರಗಿತು, ಸರಿ. ಇದು ಸಾವಿರಾರು ವರ್ಷದಿಂದ ನಡೆದಿದ್ದರೆ ಆ ಐಸ್ ಎಂದೋ ಮುಗಿದಿರಬೇಕಿತ್ತು. ನೀವು ನೋಡಿದರೆ ವರ್ಷಪೂರ್ತಿ ಮೂರು ಮೀಟರ್ ಇದ್ದೇ ಇರುತ್ತದೆ ಅನ್ನುತ್ತೀರಿ. ಜೊತೆಗೆ ಮಗು ಕೇಳಿದ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ.

ರಾಯಚೂರು_ಭೌತ

ತಕರಾರು ನ್ಯಾಯವಾಗಿದೆ. ಆಗ ಮನೆಯಲ್ಲಿ ಊಟಕ್ಕೆ ಕರೆದರು, ಅರ್ಧಕ್ಕೇ ನಿಲ್ಲಿಸಿದ್ದೆ.

ಆ ಐಸು ಮೇಲಿನಿಂದ ಸವೆಯುತ್ತದೆ, ಕೆಳಗಿನಿಂದ ಬೆಳೆಯುತ್ತದೆ. ಒಣಗಾಳಿಗೆ ಮೇಲ್ಮೈಯ ಐಸು ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ. ಫ್ರೀಜರಿನಲ್ಲಿ ಬಹಳ ದಿನ ಬಿಟ್ಟ ಐಸ್ ತುಂಡು ತಾನಾಗಿ ಸಣ್ಣಗಾಗುತ್ತದಲ್ಲ, ಹಾಗೆ. ಒಂದು ಕಿಲೋ ಐಸನ್ನು ಕರಗಿಸಲು 334 ಕಿಲೋಜೂಲ್ ಸಾಕು. ನೇರ ಆವಿ ಮಾಡಲು 2,800ಕ್ಕೂ ಹೆಚ್ಚು ಬೇಕು, ಅಂದರೆ ಎಂಟು ಪಟ್ಟು. ಹಾಗಾಗಿ ಅಷ್ಟೇ ಬಿಸಿಗೆ ಅಲ್ಲಿ ಸವೆಯುವ ಐಸು ಬಹಳ ಕಡಿಮೆ. ಇತ್ತ ಚಳಿಗಾಲದ ಕತ್ತಲೆಯಲ್ಲಿ ಸರೋವರದ ನೀರು ಐಸಿನ ತಳಕ್ಕೆ ಹೊಸದಾಗಿ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೆಲವೇ ವಾರ ಹರಿಯುವ ಹಿಮನದಿಯ ಹಳ್ಳಗಳು ಕಳೆದ ನೀರನ್ನು ತುಂಬುತ್ತವೆ. ಮೇಲೆ ಹೋಗುವುದು, ಕೆಳಗೆ ಬರುವುದು ಹೆಚ್ಚುಕಡಿಮೆ ಸರಿಸಮ. ಅಂದರೆ ಇಡೀ ಐಸಿನ ಹಾಸು ವರ್ಷ ವರ್ಷ ನಿಧಾನವಾಗಿ ಮೇಲಕ್ಕೇರುತ್ತಿರುತ್ತದೆ.

ಇನ್ನು ಮಗುವಿನ ಪ್ರಶ್ನೆ. ಬಾವಿಯೊಳಗೆ ಹಗ್ಗದ ಏಣಿ ಬಿಟ್ಟಿದ್ದಾರೆ, ಒಬ್ಬ ಇಳಿಯುತ್ತಿದ್ದಾನೆ. ದಡದ ಮೇಲೆ ನಿಂತವರು ಏಣಿಯನ್ನೇ ಮೇಲಕ್ಕೆ ಜಗ್ಗುತ್ತಿದ್ದಾರೆ. ಅವನು ಎರಡು ಮೆಟ್ಟಿಲು ಇಳಿದರೆ ಏಣಿ ಎರಡು ಮೆಟ್ಟಿಲು ಏರುತ್ತದೆ. ಮರಳಿನ ಕಾಳೂ ಹೀಗೇ. ಬೇಸಿಗೆಯಲ್ಲಿ ಕರಗಿಸಿಕೊಂಡು ಇಳಿಯುತ್ತದೆ, ಮಿಕ್ಕ ಕಾಲದಲ್ಲಿ ಐಸು ಅದನ್ನು ಹೊತ್ತು ಏರುತ್ತದೆ. ಇಳಿದಷ್ಟೂ ಬೆಳಕು ಮಂಕಾಗುವುದರಿಂದ ಇಳಿಯುವ ವೇಗ ತಗ್ಗುತ್ತದೆ. ಎರಡೂ ಸಮವಾಗುವ ಜಾಗವೇ ಸುಮಾರು ಎರಡು ಮೀಟರ್. ಅಲ್ಲಿ ಮರಳು ಒಂದು ಪದರದಂತೆ ನಿಂತುಬಿಡುತ್ತದೆ.

ಎಲ್ಲ ಮರಳೂ ನಿಲ್ಲುವುದಿಲ್ಲ ಅನ್ನುವುದೂ ನಿಜ. ಒಂದಷ್ಟು ಬಿರುಕಿನಲ್ಲಿ, ಗಾಳಿಗುಳ್ಳೆ ಹಾದುಹೋದ ಕೊಳವೆಗಳಲ್ಲಿ ಜಾರಿ ತಳ ಸೇರುತ್ತದೆ. ಹೋರ್ ಸರೋವರದ ತಳದಲ್ಲಿ ಹೀಗೆ ಸುರಿದ ಮರಳಿನ ದಿಬ್ಬಗಳೇ ಇವೆ.

ಲಿಂಗಸುಗೂರು_ಮಾಜಿಸೈನಿಕ

ನಾ ಲಡಾಖದಾಗ ಇದ್ದವ. ಝಂಸ್ಕಾರ್ ಕಡಿ ರೈತರು ಚಳಿಗಾಲದ ಕಡೀಗೆ ಮನಿ ಒಳಗಿನ ಒಣಮಣ್ಣು ಬುಟ್ಟ್ಯಾಗ ತಂದು ಹೊಲದ ಮ್ಯಾಲಿನ ಹಿಮಕ್ಕ ಎರಚ್ತಾರ. ಹಿಮ ಬೇಗ ಕರಗಿ ಬಿತ್ತನಿ ಒಂದೆರಡು ವಾರ ಮೊದಲ ಆಗ್ಲಿ ಅಂತ. ಅಲ್ಲಿ ಬ್ಯಾಸಗಿನೇ ಮೂರೂವರಿ ತಿಂಗಳು, ಎರಡು ವಾರ ಅಂದ್ರ ಬಂಗಾರ. ಇದನ್ನ ಅವರಿಗೆ ಯಾವ ಭೌತಶಾಸ್ತ್ರದವರೂ ಕಲಿಸಿಲ್ಲ.

ಆದರ ನನಗ ಒಂದು ತಿಳೀವಲ್ದು. ಮಣ್ಣು ಹಾಕಿದ್ರ ಕರಗತದ. ಡಿಪೋದವರು ಹೊಟ್ಟು ಹಾಕಿದ್ರ ಉಳೀತದ. ಎರಡೂ ಮ್ಯಾಲ ಹಾಕೋದೇ ಅಲ್ಲೇನ್ರಿ?

ಐಸ್_ಡಿಪೋ (ಬಳ್ಳಾರಿ)

ಮಾವಾರೆ, ಇದಕ್ಕ ನಾ ಹೇಳ್ತೀನಿ. ಹೊಟ್ಟು ಒಂದು ಗೇಣು ದಪ್ಪ ಹಾಕಬೇಕು. ತೆಳ್ಳಗ ಉದುರಿಸಿದ್ರ ಅದೂ ದಂಡ. ನಮ್ಮ ಅಂಗಡಿ ಹುಡುಗ ಒಮ್ಮೆ ಜಿಪುಣತನ ಮಾಡಿ ಒಂದು ಮುಷ್ಟಿ ಉದುರಿಸಿ ಬಿಸಿಲಿಗೆ ಬಿಟ್ಟಿದ್ದ, ಸಂಜಿಗೆ ಗೋಣಿಚೀಲ ಅಷ್ಟೇ ಉಳಿದಿತ್ತು.

ರಾಯಚೂರು_ಭೌತ

ಅನುಭವ ಅಂದರೆ ಇದು. ಹಿಮನದಿಯ ಮೇಲೆ ಇದನ್ನು ಅಳೆದು ನೋಡಿದವರು ಓಸ್ಟ್ರೆಮ್ ಎಂಬ ವಿಜ್ಞಾನಿ, 1959ರಲ್ಲಿ. ತೆಳುವಾದ ಧೂಳು ಕರಗುವಿಕೆಯನ್ನು ಹೆಚ್ಚಿಸುತ್ತದೆ. ಕೆಲವು ಸೆಂಟಿಮೀಟರ್ ದಾಟಿತೋ, ಮೇಲಿನ ಬಿಸಿ ಕೆಳಗಿಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ, ಅದೇ ಮಣ್ಣು ಕಂಬಳಿಯಾಗುತ್ತದೆ. ದೊಡ್ಡ ಬಂಡೆ ಬಿದ್ದರಂತೂ ತನ್ನ ನೆರಳಲ್ಲಿ ಐಸನ್ನು ಉಳಿಸಿಕೊಂಡು, ಸುತ್ತಲಿನದು ಕರಗಿದ ಮೇಲೆ ಐಸಿನ ಕಂಬದ ಮೇಲೆ ಮೇಜಿನ ಹಾಗೆ ಕೂರುತ್ತದೆ.

ಹೊಟ್ಟಿನೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಬಣ್ಣವೂ ತಿಳಿ. ಅದಿರಿನ ಹುಡಿ ಒಂದು ಗೇಣು ಹಾಕಿದರೆ ಅಷ್ಟು ಚೆನ್ನಾಗಿ ಕಾಯುವುದಿಲ್ಲ. ಲಾರಿಯವರನ್ನು ಕೇಳಬೇಡಿ.

ಕೊಪ್ಪಳ_ಪಾಚಿ

ನಾನು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂಎಸ್ಸಿ ಮಾಡ್ತಿದ್ದೀನಿ. ಇಲ್ಲಿತನಕ ಎಲ್ಲರೂ ಕರಗೋದರ ಬಗ್ಗೆನೇ ಮಾತಾಡ್ತಿದ್ದೀರಿ. ನನಗೆ ಈ ಕತೆಯಲ್ಲಿ ಇಷ್ಟ ಆಗೋದು ಆ ಎರಡು ಮೀಟರ್ ಕೆಳಗಿನ ಹನಿ ನೀರು.

ಮರಳಿನ ಕಾಳು ಸುತ್ತಲಿನ ಐಸನ್ನು ಕರಗಿಸಿದಾಗ ಘನ ಐಸಿನ ನಡುವೆ ನೀರಿನ ಸಣ್ಣ ಸಣ್ಣ ಕೋಣೆಗಳು ಆಗ್ತಾವೆ. ಹೊರಗೆ ವರ್ಷದ ಸರಾಸರಿ ಸೊನ್ನೆಗಿಂತ ಹದಿನೈದಿಪ್ಪತ್ತು ಡಿಗ್ರಿ ಕೆಳಗೆ ಇರುವ ಜಾಗ ಅದು. ಆದರೂ ಬೇಸಿಗೆಯ ತಿಂಗಳುಗಳಲ್ಲಿ ಆ ಕೋಣೆಯೊಳಗೆ ನೀರು ನೀರಾಗೇ ಇರುತ್ತೆ. ಮರಳಿನ ಜೊತೆ ಬಂದ ಸಯಾನೊಬ್ಯಾಕ್ಟೀರಿಯಾ, ಅಂದರೆ ನಮ್ಮ ಗದ್ದೆಯಲ್ಲಿ ತೇಲುವ ನೀಲಿಹಸಿರು ಪಾಚಿಯ ಬಳಗ, ಅಲ್ಲಿ ಎಚ್ಚರಾಗಿ ಬೆಳಕು ತಿಂದು ಬದುಕ್ತಾವೆ. ಗಾಳಿಯೊಳಗಿನ ಸಾರಜನಕವನ್ನು ಹಿಡಿಯೋ ಕೆಲಸವೂ ಅಲ್ಲಿ ನಡೆಯುತ್ತೆ. ಚಳಿಗಾಲ ಬಂತು, ಕೋಣೆ ಹೆಪ್ಪುಗಟ್ಟಿತು, ಮತ್ತೆ ನಿದ್ದೆ. ಜಾನ್ ಪ್ರಿಸ್ಕು ಮತ್ತು ಜೊತೆಗಾರರು 1998ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನ ಪ್ರಕಟಿಸಿದಾಗ ಮಂಗಳ ಗ್ರಹದ ಬಗ್ಗೆ, ಗುರುವಿನ ಉಪಗ್ರಹ ಯೂರೋಪಾದ ಬಗ್ಗೆ ತಲೆ ಕೆಡಿಸಿಕೊಂಡವರೆಲ್ಲ ಕಿವಿ ನೆಟ್ಟಗೆ ಮಾಡಿದರು.

ಧೂಳು ಬರೀ ಒಲೆ ಅಲ್ಲ, ಬುತ್ತಿನೂ ಹೌದು. ರಂಜಕ, ಕಬ್ಬಿಣ ಎಲ್ಲ ಅದರ ಜೊತೆಗೇ ಬರುತ್ತೆ. ಬೀಜನೂ ಅದರಲ್ಲೇ. ಸರೋವರದ ದಂಡೆಯಲ್ಲಿ ಒಣಗಿದ ಪಾಚಿಯ ಚೂರುಗಳನ್ನ ಗಾಳಿ ಎತ್ತಿ ಇನ್ನೊಂದು ಸರೋವರಕ್ಕೆ ಹಾಕುತ್ತೆ.

ಆದರೆ ಐಸಿನ ಕೆಳಗೆ, ನಿಜವಾದ ನೀರಿನಲ್ಲಿ ಇರೋ ಪಾಚಿಗೆ ಇದೇ ಧೂಳು ಕಂಟಕ. ಮೊದಲೇ ಅಷ್ಟು ದಪ್ಪದ ಐಸು ದಾಟಿ ಹೋಗೋ ಬೆಳಕು ನೂರರಲ್ಲಿ ಕೆಲವೇ ಪಾಲು. ಅದರಲ್ಲೂ ಮರಳಿನ ಪರದೆ ಬಿದ್ದರೆ ಇನ್ನೂ ಕತ್ತಲೆ. ಮೇಲಿನ ಕೋಣೆಯವರಿಗೆ ಹಬ್ಬ, ಕೆಳಗಿನ ಮನೆಯವರಿಗೆ ಕರೆಂಟ್ ಹೋದಂಗೆ.

ಅಡ್ಡಮಾತು

ಹಾಗಾದರೆ ಧೂಳು ಒಳ್ಳೆಯದೋ ಕೆಟ್ಟದ್ದೋ, ಒಂದು ಮಾತಿನಲ್ಲಿ ಹೇಳಿ. ನಾನು ಇರೋ ಓಣಿಯಲ್ಲಿ ಹತ್ತಿರದ ಕಾರ್ಖಾನೆಯ ಹುಡಿ ಒಗೆದ ಬಟ್ಟೆ ಮೇಲೆ, ನೀರಿನ ಟ್ಯಾಂಕ್ ಒಳಗೆ, ಅಮ್ಮನ ಪುಪ್ಪುಸದ ಒಳಗೆ ಎಲ್ಲ ಕಡೆ ಕೂತಿದೆ. ಅದರ ಬಗ್ಗೆ ಇಷ್ಟು ಪ್ರೀತಿಯಿಂದ ಬರೆಯೋದು ನೋಡಿ ಹೊಟ್ಟೆ ಉರಿಯಿತು.

ಕೊಪ್ಪಳ_ಪಾಚಿ

ಅಣ್ಣಾ, ನಮ್ಮೂರಲ್ಲೂ ಅದೇ ಕತೆ. ಮಾಳಿಗೆ ಮೇಲೆ ಹಪ್ಪಳ ಒಣಗಿಸೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಅಮ್ಮನ್ನ ಹುಷಾರಾಗಿ ನೋಡ್ಕೊಳ್ಳಿ. ಒಂದು ಮಾತಿನ ಉತ್ತರ ನನ್ನ ಹತ್ತಿರ ಇಲ್ಲ, ಯಾರ ಪುಪ್ಪುಸನೂ ಮರಳಿನ ಕಾಳಿಗೆ ಕಾದು ಕೂತಿಲ್ಲ. ಆ ಪಾಚಿ ಕೂತಿದೆ, ಅಷ್ಟೇ.

ಸಂಡೂರು_ಕಲ್ಲುಕುಟಿಗ

ತಡವಾಗಿ ನೋಡಿದೆ. ಭೂವಿಜ್ಞಾನ ಓದಿ ಮೈನ್ಸ್ ಕೆಲಸದಲ್ಲಿರುವವನು. ಬಾನಿ ಸರೋವರದ ಹೆಸರು ಬಂದ ಮೇಲೆ ರಕ್ತಜಲಪಾತದ ಮಾತೆತ್ತದೆ ಬಿಡುವುದು ಹೇಗೆ?

ಟೇಲರ್ ಹಿಮನದಿಯ ಮೂತಿ ಬಾನಿ ಸರೋವರವನ್ನು ಮುಟ್ಟುವಲ್ಲಿ ಬಿಳೀ ಐಸಿನ ಮೇಲೆ ಕಡುಗೆಂಪು ಕಲೆ ಇಳಿದಿದೆ. 1911ರಲ್ಲಿ ಭೂವಿಜ್ಞಾನಿ ಗ್ರಿಫಿತ್ ಟೇಲರ್ ಕಂಡದ್ದು. ಮೊದಲು ಕೆಂಪು ಪಾಚಿ ಇರಬೇಕು ಅಂದುಕೊಂಡರು. ಅದು ಕಬ್ಬಿಣದ ತುಕ್ಕು. ಹಿಮನದಿಯ ಅಡಿಯಲ್ಲಿ ಬಹುಕಾಲದಿಂದ ಸಿಕ್ಕಿಕೊಂಡಿರುವ ಉಪ್ಪುನೀರಿನಲ್ಲಿ ಆಮ್ಲಜನಕವಿಲ್ಲ, ಕಬ್ಬಿಣ ಕರಗಿ ಬಣ್ಣವಿಲ್ಲದೆ ಇರುತ್ತದೆ. ಹೊರಗೆ ಬಂದು ಗಾಳಿ ಸೋಕಿದ ಕೂಡಲೇ ಕೆಂಪಾಗುತ್ತದೆ. ಉಪ್ಪು ಅಷ್ಟು ಇರುವುದರಿಂದಲೇ ಆ ಚಳಿಯಲ್ಲೂ ಹರಿಯುತ್ತದೆ.

ನಮ್ಮ ಸಂಡೂರಿನ ಗುಡ್ಡದ ಹುಟ್ಟೂ ಇದೇ ರಸಾಯನ. ಸುಮಾರು 270 ಕೋಟಿ ವರ್ಷದ ಹಿಂದಿನ ಸಮುದ್ರದಲ್ಲಿ ಆಮ್ಲಜನಕ ಇರಲಿಲ್ಲ ಅನ್ನುವಷ್ಟು ಕಡಿಮೆ. ಕರಗಿದ ಕಬ್ಬಿಣ ತುಕ್ಕಾಗಿ ಪದರ ಪದರವಾಗಿ ತಳ ಸೇರಿತು, ಮುಂದೆ ಹೆಮಟೈಟ್ ಎಂಬ ಅದಿರಾಯಿತು. ನಾವು ಅದನ್ನು ಅಗೆದು, ಅರೆದು, ಲಾರಿಗೆ ತುಂಬಿ, ಡಿಪೋ ಅವರ ಗಡ್ಡೆಯ ಮೇಲೆ ಉದುರಿಸುತ್ತೇವೆ.

ಮಗಳ ಪ್ರದರ್ಶನಕ್ಕೆ ಇದನ್ನು ಪ್ರಯೋಗ ಮಾಡುವುದಾದರೆ ಒಂದು ಸಲಹೆ: ಫೈನ್ಸ್, ಅಂದರೆ ಹಿಟ್ಟಿನಂಥ ನಯವಾದ ಅದಿರು ಬೇಡ, ನೀರಿಗೆ ಬಿದ್ದರೆ ರಾಡಿಯಾಗಿ ಹರಡುತ್ತದೆ. ಜರಡಿ ಹಿಡಿದು ರವೆಯಷ್ಟು ದಪ್ಪದ ಕಾಳು ತೆಗೆದುಕೊಳ್ಳಿ.

ತೋರಣಗಲ್ಲು_ಟಿಪ್ಪರ್

ಸರ, ನಿಜ ಕೇಳ್ತೀನಿ, ತಮಾಷಿ ಅಲ್ಲ. ನಮ್ಮ ಬಳ್ಳಾರಿ ಧೂಳು ಅಲ್ಲೀತನ ಹೋಗತೈತೇನು?

ಸಂಡೂರು_ಕಲ್ಲುಕುಟಿಗ

ಆ ಕೆರೆಗಳ ಮೇಲಿನ ಮರಳು ಪಕ್ಕದ ದಂಡೆಯದು, ಅದೇ ಕಣಿವೆಯದು. ಮರಳಿನ ಕಾಳು ಭಾರ, ದೂರ ಹಾರದು. ನಯವಾದ ಧೂಳು ಹಾರುತ್ತದೆ. ಹಿಮಯುಗದ ಕಾಲದಲ್ಲಿ ಅಂಟಾರ್ಕ್ಟಿಕಾದ ನಡುವಿನ ಹಿಮಕ್ಕೆ ಬಿದ್ದ ಧೂಳು ಮುಖ್ಯವಾಗಿ ದಕ್ಷಿಣ ಅಮೆರಿಕದ ಪ್ಯಾಟಗೋನಿಯಾ ಕಡೆಯದು ಎಂದು ಐಸ್ ಕೊರೆದು ತೆಗೆದ ಕಂಬಗಳಿಂದ ತಿಳಿದಿದೆ. ಗ್ರೀನ್‌ಲ್ಯಾಂಡಿನ ಕಾಂಗರ್ಲುಸ್ಸುವಾಕ್ ಸುತ್ತಿನ ಕೆರೆಗಳಿಗೆ ಹಿಮನದಿ ಅರೆದು ಬಿಟ್ಟ ಹಿಟ್ಟಿನಂಥ ಮಣ್ಣು ಬೀಳುತ್ತದೆ. ನಮ್ಮ ದೇಶದ ಲೆಕ್ಕ ಹಿಡಿದರೆ ಥಾರ್ ಮರುಭೂಮಿಯ ಧೂಳು ಬೇಸಿಗೆಯ ಮೊದಲಲ್ಲಿ ಹಿಮಾಲಯದ ಹಿಮಕ್ಕೆ ಬೀಳುತ್ತದೆ, ಅದು ಗಟ್ಟಿ ವಿಷಯ. ನಿಮ್ಮ ಲಾರಿಯದು ರಸ್ತೆ ಬದಿಯ ಬೇವಿನ ಮರ ದಾಟಿದರೆ ಹೆಚ್ಚು.

ರಾಯಚೂರು_ಭೌತ

ಭಾರತಕ್ಕೂ ಅಂಟಾರ್ಕ್ಟಿಕಾದಲ್ಲಿ ಕೆರೆ ಇದೆ ಅನ್ನುವುದನ್ನು ಮಗಳಿಗೆ ಹೇಳಿ. ಐಸು ಮುಚ್ಚದ ಬರಿನೆಲದ ಶಿರ್ಮಾಕರ್ ಓಯಸಿಸ್‌ನಲ್ಲಿ 1989ರಿಂದ ಇರುವ ನಮ್ಮ ಮೈತ್ರಿ ಸಂಶೋಧನಾ ನೆಲೆಯ ಪಕ್ಕದ ಕೆರೆಗೆ ಪ್ರಿಯದರ್ಶಿನಿ ಎಂದು ಹೆಸರು. ನೆಲೆಯವರು ಕುಡಿಯುವುದು ಅದರದೇ ನೀರು. ಆ ಓಯಸಿಸ್‌ನಲ್ಲಿ ನೂರಕ್ಕೂ ಹೆಚ್ಚು ಕೆರೆಗಳಿವೆ. ಒಣಕಣಿವೆಯ ಕೆರೆಗಳಂತಲ್ಲದೆ ಇವುಗಳಲ್ಲಿ ಬಹಳಷ್ಟು ಬೇಸಿಗೆಯಲ್ಲಿ ಐಸು ಕರಗಿ ಬಾಯಿ ಬಿಡುತ್ತವೆ. ಭೂಪಟದಲ್ಲಿ ತೋರಿಸಿದರೆ ಪ್ರದರ್ಶನದಲ್ಲಿ ಚೆನ್ನಾಗಿ ಕಾಣುತ್ತದೆ.

ಐಸ್_ಡಿಪೋ (ಬಳ್ಳಾರಿ)

ಎರಡು ವಾರ ಆತು, ವರದಿ ಒಪ್ಪಿಸ್ತೀನಿ.

ಮೊದಲ ಸಲ ಮಾಳಿಗೆ ಮ್ಯಾಲೆ ಮಾಡಿದ್ವಿ. ಮೂರು ತಾಟು, ಮೂರು ಐಸ್ ತುಂಡು. ಒಂದಕ್ಕ ಸಂಡೂರು ಅದಿರು, ಇನ್ನೊಂದಕ್ಕ ಗೆಳೆಯ ಶಕ್ತಿನಗರದಿಂದ ತಂದು ಕೊಟ್ಟ ಹಾರುಬೂದಿ (ಕಲ್ಲಿದ್ದಲು ಸುಟ್ಟ ಬೂದಿ), ಮೂರನೇದಕ್ಕ ಏನೂ ಇಲ್ಲ. ನನ್ನ ಪುರುಸೊತ್ತು ಹನ್ನೆರಡು ಗಂಟೆಗೆ. ಮೂರೂ ಒಂದೇ ಹೊತ್ತಿಗೆ ನೀರಾದ್ವು. ಮಗಳು ಮುಖ ಊದಿಸಿಕೊಂಡ್ಳು. ಭೌತದ ಸರ್ ಹೇಳಿದ್ದು ಆಮ್ಯಾಲೆ ತಲೆಗೆ ಹೊಳೀತು, ಝಳದಾಗ ಮಾಡಿದ್ರ ಹಿಂಗೇ ಆಗೋದು.

ಎರಡನೇ ಸಲ ಗೆಳೆಯನ ಕುಲ್ಫಿ ಅಂಗಡಿಯ ಗಾಜಿನ ಮುಚ್ಚಳದ ಫ್ರೀಜರಿನಾಗ. ಸ್ಟೀಲ್ ಡಬ್ಬಿಯೊಳಗ ಕಾಯಿಸಿ ಆರಿಸಿದ ನೀರು ಹೆಪ್ಪುಗಟ್ಟಿಸಿ, ಒಂದು ಕಡೆ ರವೆಯಂಥ ಅದಿರಿನ ಕಾಳು, ಇನ್ನೊಂದು ಕಡೆ ಬೂದಿ ಉದುರಿಸಿ, ಗಾಜಿನ ಮ್ಯಾಲಿಂದ ಮದುವಿ ಮನಿ ಎಲ್‌ಇಡಿ ಫೋಕಸ್ ಲೈಟ್ ಬಿಟ್ವಿ. ಮೊದಲನೇ ರಾತ್ರಿ ಏನೂ ಆಗಲಿಲ್ಲ, ಮೈನಸ್ 18 ಇತ್ತು. ಮರುದಿನ ಕುಲ್ಫಿ ಎಲ್ಲ ಬೇರೆ ಕಡೆ ಇಟ್ಟು ಗುಬುಟು ತಿರುವಿ ಮೈನಸ್ 3, 4ಕ್ಕ ತಂದ್ವಿ. ಮುಂಜಾನೆ ನೋಡಿದ್ರ ಅದಿರಿನ ಕಾಳು ಉಗುರಿನ ದಪ್ಪ ಒಳಗ ಕುಂತಾವ! ಮ್ಯಾಲೆ ತೆಳ್ಳನೆ ಐಸಿನ ಪೊರೆ, ದಬ್ಬಣದಿಂದ ಚುಚ್ಚಿದ್ರ ಒಳಗ ಹನಿ. ಬೂದಿ ಮ್ಯಾಲೇ ಉಳಿದಿತ್ತು, ಅದರ ಬಣ್ಣ ತಿಳಿ ಐತಲ್ಲ. ಮಗಳು ಅಂಗಡಿಯೊಳಗೇ ಕುಣಿದ್ಳು.

ಈಗ ಹೊಸ ಹಟ ಹಿಡಿದಾಳ. ಪಾಚಿ ಅಕ್ಕ ಬರೆದದ್ದು ಓದಿ, ನಮ್ಮ ನೀರಿನ ತೊಟ್ಟಿ ಪಾಚಿ ಒಂದು ಚಿಟಿಕೆ ಕಾಳಿನ ಜೊತೆ ಹಾಕಿ ಬದುಕತೈತೋ ಇಲ್ಲೋ ನೋಡಬೇಕಂತ. ಕುಲ್ಫಿ ಗೆಳೆಯ ಕೈ ಮುಗಿದು ಬಿಟ್ಟಾನ.

ಕೊಪ್ಪಳ_ಪಾಚಿ

ಅಂಕಲ್, ಗೆಳೆಯರು ಹೇಳಿದ್ದೇ ಸರಿ, ತಿನ್ನೋ ವಸ್ತು ಇಡೋ ಫ್ರೀಜರಿಗೆ ತೊಟ್ಟಿ ಪಾಚಿ ಬೇಡ. ಥರ್ಮೊಕೋಲ್ ಡಬ್ಬಿ ತಗೊಳ್ಳಿ, ಐಸಿಗೆ ಕಲ್ಲುಪ್ಪು ಬೆರೆಸಿ ಸುತ್ತ ತುಂಬಿ, ಸೊನ್ನೆಗಿಂತ ಕೆಳಗೆ ಇಳಿಯುತ್ತೆ. ಐಸೂ ಉಪ್ಪೂ ಬದಲಾಯಿಸ್ತಾ ಇರಬೇಕು. ಐಸ್ ನಿಮ್ಮ ಮನೇಲೇ ಇದೆ. ಮುಚ್ಚಳಕ್ಕೆ ಗಾಜು, ಮೇಲೆ ಅದೇ ಲೈಟ್. ಪಾಚಿ ಮುಟ್ಟಿದ ಮೇಲೆ ಕೈ ಸೋಪು ಹಾಕಿ ತೊಳೆಯಲಿ. ಹಸಿರು ಉಳೀತಾ ಅಂತ ವಾರಕ್ಕೊಮ್ಮೆ ಫೋಟೋ ಹಾಕೋಕೆ ಹೇಳಿ, ನಾನೂ ನೋಡ್ತೀನಿ.

ತೋರಣಗಲ್ಲು_ಟಿಪ್ಪರ್

ಯಣ್ಣಾ, ರವೆಯಂಥ ಅದಿರು ಕಡಿಮಿ ಬಿದ್ರ ಹೇಳು, ನಾಳೆ ಮುಂಜಾನೆ ನಿನ್ನ ಅಂಗಡಿ ಮುಂದನೇ ಹೋಗೋದು. ತಾಡಪತ್ರಿ ಮಾತ್ರ ಬಿಚ್ಚಂಗಿಲ್ಲ, ಪೊಟ್ಟಣ ಕಟ್ಟಿ ಕೊಡ್ತೀನಿ.